ಎರಡನೇ ಸೀಡಿಯಲ್ಲಿ ಏನಿತ್ತು?

ನನ್ನನ್ನು ಅತಿ ಹೆಚ್ಚು ಹೆದರಿಸಿದ ಸಿನಿಮಾವನ್ನು ನಾನು ಮೊನ್ನೆ ಮೊನ್ನೆಯವರೆಗೂ ನೋಡಿರಲೇ ಇಲ್ಲ. ಬರೀ ಕೇಳಿದ್ದೆ, ಅಷ್ಟೇ.

2006ರ ಮಳೆಗಾಲ. ನನಗೆ ಒಂಬತ್ತು ವರ್ಷ. ಸಾಗರದ ಹತ್ತಿರ ನಮ್ಮ ಊರಮನೆಯಲ್ಲಿ ಕರೆಂಟ್ ಹೋಗಿ ಮೂರು ದಿನವಾಗಿತ್ತು. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಆಷಾಢದ ಮಳೆಯಲ್ಲಿ ಕರೆಂಟ್ ಹೋದರೆ ಅದು ಬರುವುದು ಲೈನ್‌ಮ್ಯಾನ್ ಮತ್ತು ದೇವರು ಇಬ್ಬರೂ ಮನಸ್ಸು ಮಾಡಿದಾಗ ಮಾತ್ರ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದ ನಮ್ಮ ದೊಡ್ಡಪ್ಪನ ಮಗ ರಜೆಗೆ ಬಂದಿದ್ದ. ಅವನ ರೂಮಿನಲ್ಲಿ ಯಾರದೋ ಕಂಪ್ಯೂಟರ್ ಇತ್ತು, ಬಸ್‌ಸ್ಟ್ಯಾಂಡಿನ ಹತ್ತಿರ ಸೀಡಿ ಬಾಡಿಗೆ ಕೊಡುವ ಅಂಗಡಿ ಇತ್ತು. ಹಾಗಾಗಿ ಅವನು ನಮಗೆಲ್ಲ ಇಂಗ್ಲಿಷ್ ಸಿನಿಮಾದ ಅಧಿಕೃತ ವರದಿಗಾರ. ಮೆತ್ತಿನ ಮೇಲೆ, ಅಡಿಕೆ ಮೂಟೆಗಳ ನಡುವೆ ಕಂಬಳಿ ಹೊದ್ದು ಕೂತ ನಾಲ್ಕು ಮಕ್ಕಳಿಗೆ ಅವನು ಬುಡ್ಡಿದೀಪದ ಬೆಳಕಿನಲ್ಲಿ ಒಂದು ಕಥೆ ಹೇಳಿದ.

ಅಣ್ಣ ತಂಗಿ ಇಬ್ಬರು ಸ್ಮಶಾನಕ್ಕೆ ಹೋಗುತ್ತಾರೆ. ದೂರದಲ್ಲಿ ಒಬ್ಬ ಉದ್ದನೆಯ ಮನುಷ್ಯ ತೂರಾಡುತ್ತಾ ಬರುತ್ತಿರುತ್ತಾನೆ. ಅಣ್ಣ ತಂಗಿಯನ್ನು ಹೆದರಿಸಲು ತಮಾಷೆ ಮಾಡುತ್ತಾನೆ, 'ನೋಡು, ನಿನ್ನ ಹಿಡಿಯೋಕೆ ಬರ್ತಾ ಇದಾರೆ' ಅಂತ. ಆ ಮನುಷ್ಯ ನಿಜಕ್ಕೂ ಹಿಡಿಯಲಿಕ್ಕೇ ಬಂದಿರುತ್ತಾನೆ. ಅವನು ಸತ್ತವನು. ಆಮೇಲೆ ಒಂದು ಒಂಟಿ ಮನೆ, ಕಿಟಕಿಗೆಲ್ಲ ಹಲಗೆ ಹೊಡೆದು ಒಳಗೆ ಕೂತ ಏಳು ಜನ, ಹೊರಗೆ ಕತ್ತಲಲ್ಲಿ ಹೆಚ್ಚುತ್ತಲೇ ಹೋಗುವ ಸತ್ತವರು. ಅವರು ಓಡುವುದಿಲ್ಲ, ಕೂಗುವುದಿಲ್ಲ, ನಿಧಾನಕ್ಕೆ ಬರುತ್ತಾರೆ. ಅಷ್ಟು ಹೇಳಿ ನಮ್ಮಣ್ಣ ಸುಮ್ಮನಾದ. ಹಂಚಿನ ಮೇಲೆ ಮಳೆ. ಆಗ ಅವನು ಹಿಂದಿನಿಂದ ಕೈ ಚಾಚಿ ಮೆತ್ತಿನ ಹಲಗೆಯ ಮೇಲೆ ಮೂರು ಸಲ ಟಕ್ ಟಕ್ ಟಕ್ ಅಂತ ಬಡಿದ.

ಆಮೇಲೆ ಎರಡು ವಾರ ನಾನು ರಾತ್ರಿ ಬಚ್ಚಲುಮನೆಗೆ ಒಬ್ಬನೇ ಹೋಗಿಲ್ಲ. ನಾನು ಅಳಲು ಶುರು ಮಾಡಿದ್ದರಿಂದ ಅವನು ಕೊನೆಯನ್ನು ಬೇಗ ಬೇಗ ಹೇಳಿ ಮುಗಿಸಿದ್ದ. ಬೆಳಗಾಗುತ್ತದೆ, ಪೊಲೀಸರು ಬರುತ್ತಾರೆ, ಹೀರೋನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಸುಖಾಂತ್ಯ. ಮಲಗಿ ಎಲ್ಲರೂ.

ಆ ಸಿನಿಮಾದ ಹೆಸರು 'ನೈಟ್ ಆಫ್ ದಿ ಲಿವಿಂಗ್ ಡೆಡ್' ಅಂತ ಗೊತ್ತಾಗಿದ್ದು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಭಯಾನಕ ಸಿನಿಮಾಗಳ ಯಾವ ಪಟ್ಟಿ ತೆಗೆದರೂ ಅದು ಇರುತ್ತದೆ. ಕಲ್ಟ್ ಕ್ಲಾಸಿಕ್, ಚರಿತ್ರೆ ಬದಲಾಯಿಸಿದ ಚಿತ್ರ, ಇತ್ಯಾದಿ ಇತ್ಯಾದಿ. ಆದರೂ ನೋಡಲಿಲ್ಲ. ಆ ಮೆತ್ತಿನ ರಾತ್ರಿಯನ್ನು ಕಳೆದುಕೊಳ್ಳುತ್ತೇನೆ ಅನ್ನುವ ಭಯ ಇದ್ದಿರಬೇಕು. ಕೊನೆಗೆ ಹೋದ ತಿಂಗಳು ಒಂದು ಶುಕ್ರವಾರ ರಾತ್ರಿ, ಬೆಂಗಳೂರಿನಲ್ಲಿ ಮಳೆ ಬೀಳುತ್ತಿದ್ದಾಗ, ದೀಪ ಆರಿಸಿ, ರೂಮ್‌ಮೇಟ್‌ನನ್ನು ಒತ್ತಾಯದಿಂದ ಕೂರಿಸಿಕೊಂಡು, ಯೂಟ್ಯೂಬಿನಲ್ಲಿ ಹಚ್ಚಿದೆ. 'ಲೇ, ಹೆದರಿಕೊಂಡರೆ ಮಧ್ಯದಲ್ಲಿ ನಿಲ್ಲಿಸೋಣ' ಅಂತ ಬೇರೆ ಹೇಳಿದ್ದೆ ಅವನಿಗೆ.

ಅವನು ಮೂವತ್ತೈದನೇ ನಿಮಿಷಕ್ಕೆ ನಿದ್ದೆ ಹೋದ.

ನನ್ನ ನಿರಾಸೆಯನ್ನು ಮುಚ್ಚಿಡುವುದಿಲ್ಲ. ಚಿತ್ರ ಅರ್ಧಕ್ಕರ್ಧ ಮಸಿ ಬಳಿದ ಹಾಗಿತ್ತು. ಕತ್ತಲೆ ಎಲ್ಲಿ, ಮರ ಎಲ್ಲಿ, ಹೆಣ ಎಲ್ಲಿ ಒಂದೂ ತಿಳಿಯುತ್ತಿರಲಿಲ್ಲ. ಮಾತು ಡಬ್ಬದೊಳಗಿಂದ ಕೇಳಿದ ಹಾಗೆ. ಸ್ಮಶಾನದ ಮೊದಲ ಹತ್ತು ನಿಮಿಷ ಸೊಗಸಾಗಿದೆ, ಒಪ್ಪುತ್ತೇನೆ. ಆಮೇಲೆ ತಂಗಿ ಬಾರ್ಬ್ರಾ ಸೋಫಾ ಮೇಲೆ ಕೂತವಳು ಕೂತೇ ಬಿಡುತ್ತಾಳೆ, ಹೆಚ್ಚು ಕಡಿಮೆ ಕೊನೆಯವರೆಗೆ. ಹೀರೋ ಬೆನ್ ಹಲಗೆಗೆ ಮೊಳೆ ಹೊಡೆಯುತ್ತಾನೆ. ಇನ್ನೊಂದು ಹಲಗೆಗೆ ಮೊಳೆ ಹೊಡೆಯುತ್ತಾನೆ. ಮತ್ತೊಂದಕ್ಕೆ. ನಾನು ಬಡಗಿ ಕೆಲಸದ ಟ್ಯುಟೋರಿಯಲ್ ಏನಾದರೂ ಹಚ್ಚಿದೆನಾ ಅಂತ ಅನುಮಾನ ಬಂತು. ನಂತರ ಎಲ್ಲರೂ ಟೀವಿ ಮುಂದೆ ಕೂತು ವಾರ್ತೆ ನೋಡುತ್ತಾರೆ, ಶುಕ್ರಗ್ರಹದಿಂದ ಮರಳುತ್ತಿದ್ದ ಗಗನನೌಕೆಯ ವಿಕಿರಣದಿಂದ ಹೆಣಗಳು ಏಳುತ್ತಿರಬಹುದು ಅಂತ ವಿಜ್ಞಾನಿಗಳು ವಾದ ಮಾಡುತ್ತಾರೆ. ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದಾಗ ಕಾನ್ಫರೆನ್ಸ್ ಕಾಲಿನಲ್ಲಿ ನಡೆಯುವ ಚರ್ಚೆಗೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಸತ್ತವರೋ, ನೈಟ್‌ಗೌನ್ ತೊಟ್ಟು ನಿದ್ದೆಗಣ್ಣಲ್ಲಿ ನೀರು ಕುಡಿಯಲು ಎದ್ದವರ ಹಾಗಿದ್ದರು.

ಹೀಗೆ ಗೊಣಗುತ್ತಾ ಕೊನೆಯವರೆಗೆ ಬಂದೆ. ಬೆಳಗಾಯಿತು. ಶೆರಿಫ್ ಮತ್ತು ಬಂದೂಕು ಹಿಡಿದ ಊರವರ ದಂಡು ಹೊಲದಲ್ಲಿ ಬಂತು. ಬೆನ್ ಒಬ್ಬನೇ ಬದುಕುಳಿದಿದ್ದಾನೆ, ನೆಲಮಾಳಿಗೆಯಿಂದ ಮೇಲೆ ಬಂದು ಕಿಟಕಿಯಿಂದ ಹೊರಗೆ ನೋಡುತ್ತಾನೆ. ನಾನು ಜೀಪಿಗಾಗಿ ಕಾಯುತ್ತಿದ್ದೆ. ಅವರು ಅವನ ಹಣೆಗೆ ಗುಂಡು ಹೊಡೆದರು.

ಒಂದು ಕ್ಷಣ ಏನಾಯಿತು ಅಂತಲೇ ತಿಳಿಯಲಿಲ್ಲ. ಹಿಂದೆ ಹೋಗಿ ಮತ್ತೆ ನೋಡಿದೆ. ಹೌದು. ಅವನನ್ನೂ ಒಂದು ಹೆಣ ಅಂದುಕೊಂಡು ಸುಟ್ಟರು, ಯಾರೂ ಹತ್ತಿರ ಹೋಗಿ ವಿಚಾರಿಸಲಿಲ್ಲ. ಆಮೇಲೆ ಚಿತ್ರವೇ ನಿಂತುಹೋಗಿ, ಪತ್ರಿಕೆಯಲ್ಲಿ ಬರುವಂತಹ ಕಾಳುಕಾಳಾದ ಸ್ಥಿರಚಿತ್ರಗಳು. ಮಾಂಸದ ಕೊಕ್ಕೆ ಹಿಡಿದ ಕೈಗಳು, ಎಳೆದೊಯ್ಯುವ ದೇಹ, ಸೌದೆ ರಾಶಿ. ಅಲ್ಲಿಗೆ ಮುಗಿಯಿತು. ಬೆನ್ ಪಾತ್ರ ಮಾಡಿದವನು ಕಪ್ಪು ವರ್ಣದ ನಟ. ಗುಂಡು ಹೊಡೆದವರೆಲ್ಲ ಬಿಳಿಯರು. ಅಣ್ಣ ಯಾಕೆ ಹಾಗೆ ಹೇಳಿದ್ದ?

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು, ಇಂಥ ಪೆಚ್ಚು ಸಿನಿಮಾ ಇಷ್ಟು ದೊಡ್ಡ ಹೆಸರು ಹೇಗೆ ಮಾಡಿತು ಅಂತ ಹುಡುಕಲು ಕೂತೆ. ಶನಿವಾರ ಪೂರ್ತಿ ಹೋಯಿತು, ಭಾನುವಾರವೂ ಹೋಯಿತು. ಸಿಕ್ಕಿದ ಕಥೆ ಸಿನಿಮಾಕ್ಕಿಂತ ಚೆನ್ನಾಗಿದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಿಟ್ಸ್‌ಬರ್ಗ್ ಅಂತ ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ 1960ರ ದಶಕದಲ್ಲಿ 'ದಿ ಲೇಟೆಂಟ್ ಇಮೇಜ್' ಅಂತ ಒಂದು ಸಣ್ಣ ಕಂಪನಿ ಇತ್ತು. ಜಾರ್ಜ್ ರೊಮೆರೊ, ಜಾನ್ ರುಸ್ಸೊ, ರಸೆಲ್ ಸ್ಟ್ರೈನರ್ ಅನ್ನುವ ಹುಡುಗರು ಸೇರಿ ಟೀವಿ ಜಾಹೀರಾತು, ಕೈಗಾರಿಕಾ ಚಿತ್ರ ಮಾಡುತ್ತಿದ್ದರು. ಮಕ್ಕಳ ಟೀವಿ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್ ಅವರಿಗೂ ರೊಮೆರೊ ಕಿರುಚಿತ್ರ ಮಾಡಿಕೊಟ್ಟಿದ್ದುಂಟು. ಬರೀ ಸೋಪು, ಬಿಯರ್ ಜಾಹೀರಾತು ಮಾಡಿ ಬೇಜಾರಾಗಿ ಒಂದು ನಿಜವಾದ ಸಿನಿಮಾ ಮಾಡೋಣ ಅಂದುಕೊಂಡರು. (ಸರ್ವೀಸ್ ಕಂಪನಿಯಲ್ಲಿ ಕೂತು ಸ್ವಂತ ಪ್ರಾಡಕ್ಟ್ ಕನಸು ಕಾಣುವ ನಮ್ಮಂಥವರಿಗೆ ಇದು ತಕ್ಷಣ ಅರ್ಥವಾಗುತ್ತದೆ.) ಹತ್ತು ಜನ ತಲಾ 600 ಡಾಲರ್ ಹಾಕಿ 'ಇಮೇಜ್ ಟೆನ್' ಅಂತ ಮಾಡಿಕೊಂಡರು. ಒಟ್ಟು 6,000 ಡಾಲರ್. ಆಮೇಲೆ ಅಲ್ಲಿ ಇಲ್ಲಿ ಹಣ ಎತ್ತಿ, ಕೊನೆಗೆ ಖರ್ಚಾಗಿದ್ದು ಸುಮಾರು 1,14,000 ಡಾಲರ್.

ಭಯಾನಕ ಸಿನಿಮಾ ಆರಿಸಿಕೊಂಡಿದ್ದಕ್ಕೆ ಕಾರಣ ಕಲೆ ಅಲ್ಲ, ದುಡ್ಡು. ಕಡಿಮೆ ಖರ್ಚಿನಲ್ಲಿ ಮಾಡಿ ಮಾರಬಹುದಾದದ್ದು ಅದೊಂದೇ. ಕಪ್ಪು ಬಿಳುಪು ಆದದ್ದೂ ಹಾಗೆಯೇ. ಪಿಟ್ಸ್‌ಬರ್ಗಿನಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕೆ ಎವಾನ್ಸ್ ಸಿಟಿ ಅನ್ನುವ ಸಣ್ಣ ಊರು. ಹೆಸರಿಗಷ್ಟೇ ಸಿಟಿ. ಅಲ್ಲಿನ ಸ್ಮಶಾನ, ಅದರ ಹತ್ತಿರದ ಪ್ರದೇಶದಲ್ಲಿ ಕೆಡವಲು ಇಟ್ಟಿದ್ದ ಒಂದು ಹಳೇ ತೋಟದ ಮನೆ ಇವರಿಗೆ ಸಿಕ್ಕಿತು. ಹೇಗಿದ್ದರೂ ಕೆಡವುವ ಮನೆ ಆದ್ದರಿಂದ ಗೋಡೆಗೆ ಎಷ್ಟು ಮೊಳೆ ಹೊಡೆದರೂ ಕೇಳುವವರಿಲ್ಲ. ಅದಕ್ಕೇ ಇರಬೇಕು ಅಷ್ಟೊಂದು ಹೊಡೆದದ್ದು.

1967ರ ಜೂನಿನಿಂದ ಡಿಸೆಂಬರಿನವರೆಗೆ, ಜಾಹೀರಾತಿನ ಕೆಲಸ ಬಂದಾಗ ನಿಲ್ಲಿಸಿ, ಮುಗಿದಾಗ ಮುಂದುವರಿಸಿ ಚಿತ್ರೀಕರಣ ಮಾಡಿದರು. ಹಣ ಹಾಕಿದವರೇ ನಟರು. ಸ್ಮಶಾನದಲ್ಲಿ ತಂಗಿಯನ್ನು ಹೆದರಿಸುವ ಅಣ್ಣ ನಿರ್ಮಾಪಕ ರಸೆಲ್ ಸ್ಟ್ರೈನರ್. ನೆಲಮಾಳಿಗೆಯೇ ಸುರಕ್ಷಿತ ಅಂತ ಹಠ ಹಿಡಿಯುವ ಕೂಪರ್ ಇನ್ನೊಬ್ಬ ನಿರ್ಮಾಪಕ ಕಾರ್ಲ್ ಹಾರ್ಡ್‌ಮನ್, ಅವನ ಮಗಳ ಪಾತ್ರ ಮಾಡಿದ್ದು ನಿಜಕ್ಕೂ ಅವನ ಮಗಳೇ. ಸತ್ತವರೆಲ್ಲ ಸ್ನೇಹಿತರು, ಸುತ್ತಲಿನವರು, ಜಾಹೀರಾತು ಕೊಡುತ್ತಿದ್ದ ಗ್ರಾಹಕರು. ರಕ್ತ ಅಂದರೆ ಬಾಸ್ಕೊ ಅನ್ನುವ ಚಾಕೊಲೇಟ್ ಸಿರಪ್ಪು. ಕಪ್ಪು ಬಿಳುಪಿನಲ್ಲಿ ಏನು ಗೊತ್ತಾಗುತ್ತದೆ? ಹಣ ಹಾಕಿದವರಲ್ಲಿ ಒಬ್ಬ ಮಾಂಸದ ವ್ಯಾಪಾರಿ ಇದ್ದ, ಕರುಳು ಮೂಳೆ ಅವನ ಅಂಗಡಿಯಿಂದ ಬಂತು. ಹಿನ್ನೆಲೆ ಸಂಗೀತವನ್ನೂ ಬರೆಸಲಿಲ್ಲ, ಯಾರು ಬೇಕಾದರೂ ದುಡ್ಡು ಕೊಟ್ಟು ಬಳಸಬಹುದಾದ ಸಿದ್ಧ ಸಂಗೀತದ ಲೈಬ್ರರಿಯಿಂದ ಎತ್ತಿದ್ದು.

ನನಗೆ ಬಹಳ ಖುಷಿಯಾದ ಒಂದು ಸಂಗತಿ ಕಾರಿನದು. ಮೊದಲ ದೃಶ್ಯದ ಕಾರು ಸ್ಟ್ರೈನರ್ ಅವರ ತಾಯಿಯದು. ಚಿತ್ರೀಕರಣದ ಮಧ್ಯೆ ಯಾರೋ ಗುದ್ದಿ ಅದು ನಗ್ಗಿಹೋಯಿತು. ದೃಶ್ಯದಿಂದ ದೃಶ್ಯಕ್ಕೆ ಕಾರು ಬೇರೆಯಾಗಿ ಕಾಣುತ್ತದಲ್ಲ, ಏನು ಮಾಡುವುದು? ಬಾರ್ಬ್ರಾ ಕಾರನ್ನು ಮರಕ್ಕೆ ಗುದ್ದುತ್ತಾಳೆ ಅಂತ ಕಥೆಯನ್ನೇ ಬದಲಾಯಿಸಿದರು. ಬಗ್ಗನ್ನು ಫೀಚರ್ ಅಂತ ಮಾರುವುದು ನಮ್ಮ ಉದ್ಯಮದ ಆವಿಷ್ಕಾರ ಅಂದುಕೊಂಡಿದ್ದೆ.

ಈಗ 'ಜಾಂಬಿ' ಅನ್ನುವ ಪದಕ್ಕೆ ಬರೋಣ. ಇವತ್ತು ಜಾಂಬಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಚಿತ್ರ, ಅಂದರೆ ಗುಂಪು ಗುಂಪಾಗಿ ತೂರಾಡುತ್ತಾ ಬಂದು ಮನುಷ್ಯರನ್ನು ತಿನ್ನುವ, ಕಚ್ಚಿದರೆ ಕಚ್ಚಿಸಿಕೊಂಡವನೂ ಹಾಗೇ ಆಗುವ, ತಲೆಗೆ ಹೊಡೆದರೆ ಮಾತ್ರ ಬೀಳುವ ಹೆಣ, ಈ ಸಿನಿಮಾದಿಂದ ಬಂದದ್ದು. ತಮಾಷೆ ಏನೆಂದರೆ ಸಿನಿಮಾದಲ್ಲಿ ಆ ಪದವೇ ಇಲ್ಲ! ಅವರು ಹೇಳುವುದು 'ಘೂಲ್' ಅಂತ, ಅರಬ್ಬೀ ಮೂಲದ, ಹೆಣ ತಿನ್ನುವ ಪಿಶಾಚಿಯ ಹೆಸರು.

ಜಾಂಬಿ ಬಂದದ್ದು ಕೆರಿಬಿಯನ್ ಸಮುದ್ರದ ಹೈಟಿಯಿಂದ. ಹೈಟಿಯ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಮಂತ್ರವಾದಿ ಸಮಾಧಿಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚಿದ ಹೆಣ ಅದು, ಸಂಬಳ ಇಲ್ಲ, ರಜೆ ಇಲ್ಲ, ಇಚ್ಛೆ ಇಲ್ಲ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕಬ್ಬಿನ ತೋಟಗಳಲ್ಲಿ ಸಾಯುವವರೆಗೆ ದುಡಿದ ನಾಡು ಹೈಟಿ. ಅಲ್ಲಿಯ ಜನರಿಗೆ ಅತ್ಯಂತ ಭಯಂಕರವಾಗಿ ಕಂಡದ್ದು ಸಾವು ಅಲ್ಲ, ಸತ್ತ ಮೇಲೂ ಆ ದುಡಿತ ತಪ್ಪದೇ ಇರುವುದು. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ಆಕ್ರಮಿಸಿಕೊಂಡಿತ್ತು. ಆ ಹೊತ್ತಿನಲ್ಲಿ ವಿಲಿಯಂ ಸೀಬ್ರೂಕ್ ಅನ್ನುವ ಪತ್ರಕರ್ತ ಅಲ್ಲಿಗೆ ಹೋಗಿ ಬಂದು 1929ರಲ್ಲಿ 'ದಿ ಮ್ಯಾಜಿಕ್ ಐಲ್ಯಾಂಡ್' ಅಂತ ಪುಸ್ತಕ ಬರೆದ, ಕಬ್ಬಿನ ಗದ್ದೆಯಲ್ಲಿ ದುಡಿಯುವ ಹೆಣಗಳ ಕಥೆ ಅಮೆರಿಕದ ಮನೆಮನೆಗೆ ಹೋಯಿತು. 1932ರಲ್ಲಿ ಬೆಲಾ ಲುಗೋಸಿ ನಟಿಸಿದ 'ವೈಟ್ ಜಾಂಬಿ' ಬಂತು. ಅಲ್ಲಿಂದ ಮೂವತ್ತು ವರ್ಷ ಹಾಲಿವುಡ್ಡಿನ ಜಾಂಬಿಗಳು ಯಾರೋ ಒಬ್ಬ ಯಜಮಾನನ ಆಳುಗಳೇ.

ರೊಮೆರೊಗೆ ಸ್ಫೂರ್ತಿ ಇದಲ್ಲ. ರಿಚರ್ಡ್ ಮ್ಯಾಥೆಸನ್ 1954ರಲ್ಲಿ ಬರೆದ 'ಐ ಆಮ್ ಲೆಜೆಂಡ್' ಕಾದಂಬರಿ. ಅದರಲ್ಲಿ ರೋಗದಿಂದ ಊರಿಗೆ ಊರೇ ರಕ್ತಪಿಶಾಚಿಗಳಾಗಿ, ಒಬ್ಬ ಮನುಷ್ಯ ಮಾತ್ರ ಮನೆಯೊಳಗೆ ಬಾಗಿಲು ಹಾಕಿಕೊಂಡು ಉಳಿದಿರುತ್ತಾನೆ. ಅದನ್ನು ತೆಗೆದುಕೊಂಡು ರೊಮೆರೊ ಮತ್ತು ರುಸ್ಸೊ ಯಜಮಾನನನ್ನು ಕಿತ್ತುಹಾಕಿದರು. ಇವರ ಹೆಣಗಳಿಗೆ ಯಾರೂ ಆಜ್ಞೆ ಕೊಡುವುದಿಲ್ಲ. ನೋಡಿದವರು, ಬರೆದವರು ಜಾಂಬಿ ಅಂತ ಕರೆದರು, ಹೆಸರು ಅಂಟಿಕೊಂಡಿತು, ಕಬ್ಬಿನ ಗದ್ದೆ ಮರೆತುಹೋಯಿತು. (ಅಂದ ಹಾಗೆ ಯುನಿಕ್ಸ್‌ನಲ್ಲಿ ಜಾಂಬಿ ಪ್ರಾಸೆಸ್ ಅಂತ ಇದೆಯಲ್ಲ, ಸತ್ತಿರುತ್ತದೆ, ಆದರೆ ಅಪ್ಪ ಬಂದು ಲೆಕ್ಕ ಚುಕ್ತಾ ಮಾಡುವವರೆಗೆ ಪಟ್ಟಿಯಿಂದ ಹೋಗುವುದಿಲ್ಲ. ಅದು ಹೈಟಿಯದೂ ಅಲ್ಲ, ಪಿಟ್ಸ್‌ಬರ್ಗಿನದೂ ಅಲ್ಲ. ನಮ್ಮ ಕಡೆ ಕ್ರಿಯಾಕರ್ಮ ಆಗದ ಪ್ರೇತಕ್ಕೆ ಹತ್ತಿರ. :-) )

ಬೆನ್ ಪಾತ್ರದ ವಿಷಯ. ಚಿತ್ರಕಥೆಯಲ್ಲಿ ಬೆನ್ ಒಬ್ಬ ಒರಟು ಲಾರಿ ಡ್ರೈವರ್, ಯಾವ ವರ್ಣದವನು ಅಂತ ಬರೆದಿರಲಿಲ್ಲ. ಆಡಿಷನ್‌ಗೆ ಬಂದವರಲ್ಲಿ ಡ್ವೇನ್ ಜೋನ್ಸ್ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದಕ್ಕೆ ಅವನನ್ನು ತೆಗೆದುಕೊಂಡೆವು, ಬೇರೆ ಯಾವ ಉದ್ದೇಶವೂ ಇರಲಿಲ್ಲ ಅಂತ ರೊಮೆರೊ ಕೊನೆಯವರೆಗೂ ಹೇಳಿದರು. ಜೋನ್ಸ್ ಓದಿಕೊಂಡವರು, ರಂಗಭೂಮಿಯವರು, ಮುಂದೆ ಕಾಲೇಜಿನಲ್ಲಿ ಪಾಠ ಮಾಡಿದವರು. ಆ ಲಾರಿ ಡ್ರೈವರಿನ ಒರಟು ಮಾತುಗಳನ್ನು ಆಡಲು ಅವರು ಒಪ್ಪಲಿಲ್ಲ. ಮಾತುಗಳನ್ನು ತಾವೇ ತಿದ್ದಿಕೊಂಡರು. ಹಾಗಾಗಿ ಬೆನ್ ಆ ಮನೆಯಲ್ಲಿ ತಲೆ ನೆಟ್ಟಗಿರುವ ಒಬ್ಬನೇ ಮನುಷ್ಯನಾದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಚಿತ್ರೀಕರಣ ನಡೆಯುತ್ತಿದ್ದ 1967ರ ಜುಲೈನಲ್ಲೇ ನ್ಯೂವಾರ್ಕ್ ಮತ್ತು ಡೆಟ್ರಾಯಿಟ್ ಹೊತ್ತಿ ಉರಿದವು. ಬೀದಿಗಳಲ್ಲಿ ಸೈನಿಕರು ಬಂದೂಕು ಹಿಡಿದು ನಿಂತಿದ್ದರು. ಅಂಥ ಬೇಸಿಗೆಯಲ್ಲಿ ಒಬ್ಬ ಕಪ್ಪು ನಟ ಬಿಳಿ ಹೆಂಗಸಿನ ಕೆನ್ನೆಗೆ ಹೊಡೆಯುವ, ಬಿಳಿಯನಿಗೆ ಗುಂಡಿಕ್ಕುವ ದೃಶ್ಯ ಮಾಡಬೇಕು. ರೊಮೆರೊ ಮತ್ತು ಗೆಳೆಯರಿಗೆ ತಾವು ಬಹಳ ಮುಂದುವರಿದವರು, ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅನ್ನುವ ಹೆಮ್ಮೆ. ಚಿತ್ರದಲ್ಲಿ ಯಾರ ಬಾಯಲ್ಲೂ ವರ್ಣದ ಬಗ್ಗೆ ಒಂದು ಮಾತಿಲ್ಲ. ಆದರೆ ಜೋನ್ಸ್‌ಗೆ ಲೆಕ್ಕ ಬಿಡಲಾಗಲಿಲ್ಲ. ತೆರೆ ಮೇಲೆ ತನ್ನನ್ನು ನೋಡುವವರು ಏನು ನೋಡುತ್ತಾರೆ ಅಂತ ಸೆಟ್ಟಿನಲ್ಲಿ ಪ್ರತಿದಿನ ಯೋಚಿಸುತ್ತಿದ್ದವರು ಅವರೊಬ್ಬರೇ. ಬೆನ್ ಸಾಯುವ ಅಂತ್ಯವೇ ಸರಿ, ಅವನನ್ನು ಕೃತಕವಾಗಿ ಬದುಕಿಸುವುದಕ್ಕಿಂತ ಅದೇ ತನ್ನ ಜನಕ್ಕೆ ಒಪ್ಪಿಗೆಯಾಗುತ್ತದೆ ಅಂತ ತಾನು ರೊಮೆರೊಗೆ ಹೇಳಿದ್ದಾಗಿ ಜೋನ್ಸ್ ಮುಂದೆ ನೆನಪಿಸಿಕೊಂಡರು. ಅವರು ತೀರಿಕೊಂಡದ್ದು 1988ರಲ್ಲಿ. ಎಷ್ಟು ಕೆಲಸ ಮಾಡಿದರೂ ಜನ ಈ ಒಂದೇ ಪಾತ್ರದಿಂದ ಗುರುತಿಸುತ್ತಿದ್ದರಂತೆ.

ಸಿನಿಮಾ ಮುಗಿಯಿತು, ಡಬ್ಬ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮಾರಲು ನ್ಯೂಯಾರ್ಕಿಗೆ ಹೊರಟರು. ಅವತ್ತು 1968ರ ಏಪ್ರಿಲ್ 4. ದಾರಿಯಲ್ಲಿ ಕಾರಿನ ರೇಡಿಯೋದಲ್ಲಿ ಸುದ್ದಿ ಬಂತು, ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು ಅಂತ. ರೊಮೆರೊ ಇದನ್ನು ಸಂದರ್ಶನದಿಂದ ಸಂದರ್ಶನಕ್ಕೆ ಹೇಳುತ್ತಿದ್ದರು. ಡಿಕ್ಕಿಯಲ್ಲಿ ಇದ್ದ ಸಿನಿಮಾದ ಅರ್ಥ ಆ ರಾತ್ರಿ ಅವರ ಕೈ ಮೀರಿ ಹೋಯಿತು.

ಕೊಳ್ಳುವವರು ಸಿಗಲಿಲ್ಲ. ಕೊಲಂಬಿಯಾದವರು ಬೇಡ ಅಂದರು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್‌ನವರು ಅಂತ್ಯ ಬದಲಾಯಿಸಿ, ಹೀರೋನನ್ನು ಉಳಿಸಿ ಅಂದರು. ಇವರು ಒಪ್ಪಲಿಲ್ಲ. ಸಾಲ ಮಾಡಿ ಸಿನಿಮಾ ಮಾಡಿದ, ಹೆಸರಿಲ್ಲದ ಊರಿನ ಹುಡುಗರು ದೊಡ್ಡ ವಿತರಕನಿಗೆ ಆಗಲ್ಲ ಅಂದರು ಅನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮ್ಯಾನೇಜರ್ ಒಂದು ಬಟನ್ನಿನ ಬಣ್ಣ ಬದಲಾಯಿಸು ಅಂದರೆ ಮರುಮಾತಾಡದೆ ಬದಲಾಯಿಸುವವನು ನಾನು. ಕೊನೆಗೆ ವಾಲ್ಟರ್ ರೀಡ್ ಅವರ ಸಂಸ್ಥೆ ಕತ್ತರಿ ಹಾಕದೆ ಬಿಡುಗಡೆ ಮಾಡಲು ಒಪ್ಪಿತು, ಹೆಸರು ಮಾತ್ರ ಬದಲಾಗಬೇಕು ಅಂತ.

ಆ ಹೆಸರು ಬದಲಾವಣೆಯಲ್ಲೇ ಇವರ ಮನೆ ಮುಳುಗಿದ್ದು. ಸಿನಿಮಾದ ಮೊದಲಿನ ಹೆಸರು 'ನೈಟ್ ಆಫ್ ದಿ ಫ್ಲೆಶ್ ಈಟರ್ಸ್'. 1964ರಲ್ಲೇ 'ದಿ ಫ್ಲೆಶ್ ಈಟರ್ಸ್' ಅಂತ ಒಂದು ಚಿತ್ರ ಬಂದಿತ್ತು. ಹಾಗಾಗಿ ಶೀರ್ಷಿಕೆಯ ಫ್ರೇಮನ್ನು ತೆಗೆದು ಹೊಸದನ್ನು ಸೇರಿಸಿದರು. ಹಳೆಯ ಫ್ರೇಮಿನಲ್ಲಿ ಹೆಸರಿನ ಜೊತೆ ಕಾಪಿರೈಟ್ ಸೂಚನೆ ಇತ್ತು. ಹೊಸದರಲ್ಲಿ ಅದನ್ನು ಹಾಕಲು ಮರೆತರು. ಅಷ್ಟೇ. ಒಂದು ಸಾಲು.

ಈಗ ನಾವು ಏನು ಬರೆದರೂ ಬರೆದ ಕ್ಷಣದಿಂದ ಹಕ್ಕು ನಮ್ಮದೇ, ಭಾರತದ 1957ರ ಕಾಯ್ದೆಯಲ್ಲೂ ಗುರುತು ಹಾಕುವುದು, ನೋಂದಾಯಿಸುವುದು ಕಡ್ಡಾಯವಲ್ಲ. ಆದರೆ ಅಮೆರಿಕದಲ್ಲಿ ಆಗ ನಡೆಯುತ್ತಿದ್ದದ್ದು 1909ರ ಕಾನೂನು. ಸೂಚನೆ ಇಲ್ಲದೆ ಪ್ರಕಟಿಸಿದರೆ ಹಕ್ಕು ಹೋಯಿತು, ಕೃತಿ ಸಾರ್ವಜನಿಕರ ಸೊತ್ತು. (ಸೂಚನೆ ಹಾಕಲೇಬೇಕು ಅನ್ನುವ ನಿಯಮ ಅಲ್ಲಿ ಪೂರ್ತಿಯಾಗಿ ಹೋದದ್ದು 1989ರ ಮಾರ್ಚ್ 1ರಿಂದ.) 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗಿನ ಫುಲ್ಟನ್ ಥಿಯೇಟರಿನಲ್ಲಿ ಸಿನಿಮಾ ಬಿಡುಗಡೆಯಾಯಿತು. ಗೆದ್ದಿತು, ಕೋಟಿಗಟ್ಟಲೆ ಗಳಿಸಿತು. ಮಾಡಿದವರಿಗೆ ಸಿಕ್ಕಿದ್ದು ಅದರಲ್ಲಿ ಪುಡಿಗಾಸು. ಯಾರು ಬೇಕಾದರೂ ಪ್ರಿಂಟ್ ಹಾಕಬಹುದು, ಟೀವಿಯಲ್ಲಿ ಬಿಡಬಹುದು, ಕ್ಯಾಸೆಟ್ ಮಾಡಿ ಮಾರಬಹುದು. ಮಾರಿದರು. ಪ್ರಿಂಟಿನ ಪ್ರಿಂಟಿನ ಪ್ರಿಂಟು ತೆಗೆದರು. ಬಣ್ಣ ಬಳಿದರು. ಪ್ರೊಡಕ್ಷನ್‌ಗೆ ಹೋಗುವಾಗ ಒಂದು ಲೈನ್ ಬಿಟ್ಟುಹೋಗಿ ಜೀವಮಾನದ ಸಂಪಾದನೆ ಹೋಗುವುದು ಅಂದರೆ ಹೇಗಿರುತ್ತದೆ ಅಂತ ನಮ್ಮ ವೃತ್ತಿಯವರು ಊಹಿಸಿಕೊಳ್ಳಬಹುದು.

ಆದರೆ ಅದೇ ತಪ್ಪಿನಿಂದಲೇ ಸಿನಿಮಾ ಬದುಕಿತು. ಬಾಡಿಗೆ ಕೊಡಬೇಕಾಗಿಲ್ಲದ ಚಿತ್ರವನ್ನು ಟೀವಿಯವರು ಮತ್ತೆ ಮತ್ತೆ ಹಾಕಿದರು. 1970ರ ದಶಕದ ಮೊದಲಲ್ಲಿ ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿಯ ಪ್ರದರ್ಶನಗಳು ಶುರುವಾದಾಗ ಇದೂ ಅಲ್ಲಿತ್ತು. ವೀಡಿಯೋ ಕ್ಯಾಸೆಟ್ ಬಂದಾಗ ಎಲ್ಲ ಅಂಗಡಿಯಲ್ಲೂ ಅಗ್ಗದ ಕ್ಯಾಸೆಟ್ ಇದರದ್ದೇ, ಆಮೇಲೆ ಅಗ್ಗದ ಡಿಸ್ಕೂ ಇದರದ್ದೇ. ಹಕ್ಕುದಾರನಿಲ್ಲದ ಸಿನಿಮಾ ಗಾಳಿಗೆ ಬಿದ್ದ ಬೀಜದ ಹಾಗೆ ಎಲ್ಲೆಲ್ಲೋ ಹೋಗಿ ಬಿತ್ತು, ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಹತ್ತಿರವೂ.

ಮೊದಲ ಪ್ರೇಕ್ಷಕರ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ವಯಸ್ಸಿಗೆ ತಕ್ಕ ರೇಟಿಂಗ್ ಪದ್ಧತಿ ಜಾರಿಗೆ ಬಂದದ್ದು 1968ರ ನವೆಂಬರ್ 1ರಂದು. ಈ ಸಿನಿಮಾ ಬಂದದ್ದು ಅದಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ. ಭಯಾನಕ ಚಿತ್ರ ಅಂದರೆ ಆಗ ರಬ್ಬರ್ ರಾಕ್ಷಸರ ತಮಾಷೆ, ಶನಿವಾರ ಮಧ್ಯಾಹ್ನ ಮಕ್ಕಳನ್ನು ಥಿಯೇಟರಿಗೆ ಬಿಟ್ಟು ಅಪ್ಪ ಅಮ್ಮ ಸಂತೆಗೆ ಹೋಗುತ್ತಿದ್ದರು. ರೋಜರ್ ಈಬರ್ಟ್ ಎಂಬ ವಿಮರ್ಶಕ ಅಂಥ ಒಂದು ಪ್ರದರ್ಶನಕ್ಕೆ ಹೋಗಿದ್ದನ್ನು 1969ರ ಜನವರಿಯಲ್ಲಿ ಬರೆದಿದ್ದಾರೆ. ಅವರು ಸಿನಿಮಾಕ್ಕಿಂತ ಹೆಚ್ಚಾಗಿ ಥಿಯೇಟರಿನ ಬಗ್ಗೆ ಬರೆದರು. ಮೊದಲು ಮಕ್ಕಳು ಕಿರುಚಿ ನಕ್ಕರಂತೆ. ಅರ್ಧ ದಾಟಿದ ಮೇಲೆ ಸದ್ದು ಅಡಗಿತಂತೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಅಲುಗಾಡದೆ ಕೂತು ಅಳುತ್ತಿದ್ದಳಂತೆ. ಸಿನಿಮಾದಲ್ಲಿ ಹೀರೋ ಉಳಿಯಬೇಕು ಅಂತ ಆ ಮಕ್ಕಳಿಗೆ ಗೊತ್ತಿತ್ತು, ಉಳಿಯಲಿಲ್ಲ.

ಅದನ್ನು ಓದಿದ ಮೇಲೆ ನನ್ನ ನಿರಾಸೆಯ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ನಾನು ನೋಡಿದ್ದು ಆ ಸಿನಿಮಾವನ್ನೇ ಅಲ್ಲ, ಅದರ ಪ್ರಿಂಟಿನ ಪ್ರಿಂಟಿನ ಎಷ್ಟನೆಯದೋ ನೆರಳನ್ನು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರ ಸಂಗ್ರಹದ ಪಟ್ಟಿಗೆ ಇದು ಸೇರಿತು. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ದಿ ಫಿಲ್ಮ್ ಫೌಂಡೇಶನ್ ಸೇರಿ ಮೂಲ ನೆಗೆಟಿವ್‌ನಿಂದಲೇ 4ಕೆ ಪ್ರತಿ ಸಿದ್ಧಪಡಿಸಿದರು. ರೊಮೆರೊ ಅದನ್ನು ನೋಡಿ, ಮರುವರ್ಷ ಜುಲೈನಲ್ಲಿ ತೀರಿಕೊಂಡರು. 2018ರಲ್ಲಿ ಆ ಪ್ರತಿ ಡಿಸ್ಕಾಗಿ ಬಂತು. ಆಫೀಸಿನ ಗೆಳೆಯನೊಬ್ಬನ ಹತ್ತಿರ ಆ ಡಿಸ್ಕ್ ಇತ್ತು, ತಂದು ಇನ್ನೊಮ್ಮೆ ನೋಡಿದೆ, ಈ ಸಲ ಒಬ್ಬನೇ.

ಮೊಳೆ ಹೊಡೆಯುವುದು ಈಗಲೂ ಉದ್ದವೇ. ಬಾರ್ಬ್ರಾ ಈಗಲೂ ಸೋಫಾ ಬಿಟ್ಟು ಏಳುವುದಿಲ್ಲ. ವಿಜ್ಞಾನಿಗಳು ಈಗಲೂ ಪೆದ್ದರೇ. ಆದರೆ ಕತ್ತಲು ಬೇರೆ. ಮೊದಲ ಸಲ ಬರೀ ಮಸಿಯಾಗಿ ಕಂಡ ಜಾಗದಲ್ಲಿ ಹುಲ್ಲು, ಮರ, ಆ ಮರಗಳ ನಡುವೆ ನಿಂತ ಮುಖಗಳು. ಅವು ಮೊದಲಿಂದಲೂ ಅಲ್ಲಿ ನಿಂತಿದ್ದವು, ನನಗೆ ಕಾಣುತ್ತಿರಲಿಲ್ಲ. ಮೇಲಿನ ಮನೆಯೋ ನೆಲಮಾಳಿಗೆಯೋ ಅಂತ ಬೆನ್ ಮತ್ತು ಕೂಪರ್ ಜಗಳ ಆಡುವುದನ್ನು ಈ ಸಲ ಗಮನವಿಟ್ಟು ಕೇಳಿದೆ. ತಮಾಷೆ ಗೊತ್ತಾ? ಕೂಪರ್ ಹೇಳಿದ್ದೇ ಸರಿ. ಇಡೀ ಸಿನಿಮಾದಲ್ಲಿ ನಾವು ದ್ವೇಷಿಸುವ ಆ ಹೇಡಿ ಹೇಳಿದ ನೆಲಮಾಳಿಗೆಯಲ್ಲೇ ಅಡಗಿ ಕೊನೆಗೆ ಬೆನ್ ಉಳಿಯುತ್ತಾನೆ. ಉಳಿದು ಸಾಯುತ್ತಾನೆ.

ಹೆದರಿದೆನಾ? ಇಲ್ಲ. ಮೆತ್ತಿನ ಮೇಲಿನ ಆ ಟಕ್ ಟಕ್ ಟಕ್‌ಗೆ 4ಕೆ ಸಮ ಅಲ್ಲ. ಕಲ್ಟ್ ಅನ್ನುವುದನ್ನು ಕೇಳಿಕೊಂಡು ನೋಡುವವರಿಗೆ ನನ್ನ ಪ್ರಾಮಾಣಿಕ ಸಲಹೆ, ಭಯಪಡಬೇಕು ಅಂತ ನೋಡಬೇಡಿ. ಕೊನೆಯ ಐದು ನಿಮಿಷಕ್ಕಾಗಿ ನೋಡಿ, ಅದೂ ಒಳ್ಳೆಯ ಪ್ರತಿಯಲ್ಲಿ.

ಮುಗಿಸಿ ಅಣ್ಣನಿಗೆ ಫೋನ್ ಮಾಡಿದೆ. ಅವನೀಗ ಊರಲ್ಲೇ ತೋಟ ನೋಡಿಕೊಂಡಿದ್ದಾನೆ, ಎರಡು ಮಕ್ಕಳ ತಂದೆ. 'ಅಣ್ಣಾ, ಪೊಲೀಸರು ಹೀರೋನ್ನ ಜೀಪಲ್ಲಿ ಕರ್ಕೊಂಡು ಹೋದ್ರು ಅಂತ ಹೇಳಿದ್ಯಲ್ಲ, ಅವರು ಅವನಿಗೇ ಗುಂಡು ಹೊಡೀತಾರೆ ಮಾರಾಯ' ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

'ಹೌದನಾ?' ಅಂದ. ಆಮೇಲೆ ನಗಲು ಶುರು ಮಾಡಿದ. 'ಎರಡು ಸೀಡಿ ಇತ್ತು ಮಾರಾಯ. ಎರಡನೇದು ಓಡಲೇ ಇಲ್ಲ, ಪೂರ್ತಿ ಗೀರು. ಒಂದೇ ಸೀಡಿ ನೋಡಿದ್ದು. ಮುಂದಿಂದೆಲ್ಲ ನಾನೇ ಹೇಳಿದ್ದು ನಿಂಗೆ.'

ಟೀವಿ ವಾರ್ತೆಯವರೆಗೆ ನೋಡಿದ್ದನಂತೆ. ಇಪ್ಪತ್ತು ವರ್ಷದಿಂದ ಅವನ ತಲೆಯಲ್ಲೂ ಬೆನ್ ಜೀಪಿನಲ್ಲಿ ಕೂತು ಹೋಗುತ್ತಲೇ ಇದ್ದ. ಅವನಿಗೆ ಲಿಂಕ್ ಕಳಿಸಿದೆ, ಹಾಳು ಪ್ರಿಂಟಿನದ್ದೇ, ಊರಲ್ಲಿ ಅದಕ್ಕಿಂತ ಹೆಚ್ಚು ನೆಟ್‌ವರ್ಕ್ ಬರುವುದಿಲ್ಲ. ಎರಡು ದಿನ ಬಿಟ್ಟು ರಾತ್ರಿ ಹನ್ನೊಂದೂವರೆಗೆ ಅವನ ಮೆಸೇಜು ಬಂತು.

'ನೋಡ್ದೆ. ನಂದೇ ಚೆನ್ನಾಗಿತ್ತು.'